ವೇತನ ಒಪ್ಪಂದಗಳ ನ್ಯಾಯಾಂಗ ಪರಿಶೀಲನೆ: ಮೈಸೂರು ನಗರ

ಕೂಲಿ, ತುಟ್ಟಿಭತ್ಯೆ, ಬೋನಸ್ಸು, ಹಿಂಬಾಕಿ ಮೊದಲಾದವುಗಳ ಬಗ್ಗೆ ಆಡಳಿತವರ್ಗ ಮತ್ತು ಕಾರ್ಮಿಕರು ಮಾಡಿಕೊಂಡ ರಾಜಿಯನ್ನು ನ್ಯಾಯಾಲಯ ಪರೀಕ್ಷಿಸಿ, ಅದು ಊರ್ಜಿತವೇ, ಯಾರಿಗೆ ಅನ್ವಯಿಸುತ್ತದೆ ಎಂದು ತೀರ್ಮಾನಿಸುವ ಕ್ರಮ. ಮೈಸೂರಿನ ಮಟ್ಟಿಗೆ ಈ ಕೆಲಸ ಕಾರ್ಮಿಕ ನ್ಯಾಯಾಲಯ ಇಲ್ಲವೇ ಕೈಗಾರಿಕಾ ನ್ಯಾಯಮಂಡಳಿಯಲ್ಲಿ ಶುರುವಾಗಿ, ರಿಟ್ ಅರ್ಜಿಯ ಮೂಲಕ ಬೆಂಗಳೂರಿನ ಹೈಕೋರ್ಟಿಗೆ, ಅಪರೂಪಕ್ಕೆ ಸುಪ್ರೀಂ ಕೋರ್ಟಿಗೆ ಹೋಗುತ್ತದೆ. ಭಾರತದಲ್ಲಿ ಪ್ರತಿಯೊಂದು ವೇತನ ಒಪ್ಪಂದಕ್ಕೂ ನ್ಯಾಯಾಧೀಶರ ಒಪ್ಪಿಗೆ ಬೇಕೆಂಬ ಕಟ್ಟಳೆಯಿಲ್ಲ. ಬಹುಪಾಲು ಒಪ್ಪಂದಗಳು ಕೋರ್ಟಿನ ಮೆಟ್ಟಿಲು ಹತ್ತದೆಯೇ ಜಾರಿಯಾಗಿ ಅವಧಿ ಮುಗಿಸುತ್ತವೆ. ಸಹಿ ಹಾಕದ ಸಂಘವೊಂದು ತಕರಾರು ತೆಗೆದಾಗ, ಕೊಡುತ್ತೇನೆಂದ ಹಣವನ್ನು ಮಾಲೀಕ ಕೊಡದಿದ್ದಾಗ, ಅಥವಾ ವಿಚಾರಣೆ ನಡೆಯುತ್ತಿರುವಾಗಲೇ ಹೊರಗೆ ರಾಜಿಯಾದಾಗ ಮಾತ್ರ ಅವು ನ್ಯಾಯಾಲಯದ ಕಣ್ಣಿಗೆ ಬೀಳುತ್ತವೆ.

ಆಗಲೂ ನ್ಯಾಯಾಲಯ ಕೇಳುವುದು ಕಾರ್ಮಿಕರು ನಿರೀಕ್ಷಿಸುವ ಪ್ರಶ್ನೆಯನ್ನಲ್ಲ. ಕೂಲಿ ಇನ್ನಷ್ಟು ಏರಬೇಕಿತ್ತೇ ಎಂಬುದರ ಲೆಕ್ಕಕ್ಕೆ ಅದು ಸಾಮಾನ್ಯವಾಗಿ ಇಳಿಯುವುದಿಲ್ಲ. ಸಹಿ ಹಾಕಿದವರು ಯಾರು, ಹಾಕಲು ಅವರಿಗೆ ಅಧಿಕಾರ ಕೊಟ್ಟವರು ಯಾರು, ಒಪ್ಪಿದವರಿಗೆ ವಿಷಯ ತಿಳಿದಿತ್ತೇ, ಕೂಲಿ ಶಾಸನದ ಕನಿಷ್ಠ ಮಟ್ಟಕ್ಕಿಂತ ಕೆಳಗಿಳಿದಿದೆಯೇ ಎಂಬಷ್ಟನ್ನೇ ನೋಡುತ್ತದೆ. ಈ ಕಿರಿದಾದ ಬಾಗಿಲಿನಲ್ಲಿ ಎಷ್ಟು ನ್ಯಾಯ ನುಸುಳಬಲ್ಲದು ಎಂಬುದೇ ಈ ವಿಷಯದ ತಿರುಳು.

ಹಿನ್ನೆಲೆ

ಮೈಸೂರು ಅರಮನೆಯ ಊರೆಂದು ಹೆಸರಾದರೂ ಕೂಲಿಕಾರರ ಊರಾಗಿ ಒಂದು ಶತಮಾನ ಕಳೆದಿದೆ. 1912ರಲ್ಲಿ ರೇಷ್ಮೆ ನೇಯ್ಗೆ ಕಾರ್ಖಾನೆ, ಮೊದಲ ಮಹಾಯುದ್ಧದ ದಿನಗಳಲ್ಲಿ ಗಂಧದೆಣ್ಣೆ ಕಾರ್ಖಾನೆ, ಆಮೇಲೆ ಕೃಷ್ಣರಾಜೇಂದ್ರ ಮಿಲ್ಲು, 1937ರಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಬಂದವು. ಸಂಸ್ಥಾನದ ಸರ್ಕಾರವೇ ಹಲವು ಕಡೆ ಮಾಲೀಕನಾಗಿದ್ದರಿಂದ, ಕೂಲಿಯ ಜಗಳ ಬಂದಾಗ ಒಂದು ಪಕ್ಷವಾಗಿ ಕೂರುವವರೂ ಮಧ್ಯಸ್ಥರಾಗಿ ಬರುವವರೂ ಸರ್ಕಾರದವರೇ ಆಗುತ್ತಿದ್ದರು. 1942ರಲ್ಲಿ ಸಂಸ್ಥಾನಕ್ಕೆ ತನ್ನದೇ ಆದ ಕಾರ್ಮಿಕ ಕಾಯಿದೆ ಬಂತು. ಸ್ವಾತಂತ್ರ್ಯದ ಬಳಿಕ 1947ರ ಕೇಂದ್ರದ ಕೈಗಾರಿಕಾ ವಿವಾದಗಳ ಕಾಯಿದೆ ಇಲ್ಲಿಗೂ ಅನ್ವಯವಾಗಿ, ಅದರಡಿ 1957ರಲ್ಲಿ ರಾಜ್ಯದ ನಿಯಮಗಳು ರಚನೆಯಾದವು. 1961ರಲ್ಲಿ ಯಾದವಗಿರಿಯಲ್ಲಿ ಐಡಿಯಲ್ ಜಾವಾ, ಬಳಿಕ ಟೈರು, ಆಕ್ಸಲ್, ಮಣ್ಣು ಅಗೆಯುವ ಯಂತ್ರಗಳ ಕಾರ್ಖಾನೆಗಳು ಬಂದಂತೆ ಮೇಟಗಳ್ಳಿ, ಹೆಬ್ಬಾಳ, ಹೂಟಗಳ್ಳಿ, ಕೂರ್ಗಳ್ಳಿ, ಮುಂದೆ ಕಡಕೊಳ, ನಂಜನಗೂಡಿನ ತಾಂಡ್ಯದವರೆಗೆ ಕಾರ್ಮಿಕರ ಪಾಳಿಗಳು ಹರಡಿದವು. ಅದರ ಜೊತೆಗೇ ಮೂರು ನಾಲ್ಕು ವರ್ಷಕ್ಕೊಮ್ಮೆ ನವೀಕರಣವಾಗುವ ವೇತನ ಒಪ್ಪಂದದ ರೂಢಿಯೂ ಬೆಳೆಯಿತು.

2025ರ ನವೆಂಬರಿನಲ್ಲಿ ಹೊಸ ಸಂಹಿತೆಗಳು ಜಾರಿಯಾಗುವವರೆಗೆ 1947ರ ಕಾಯಿದೆಯಡಿ ವಿವಾದ ನಡೆದುಬಂದ ದಾರಿ ಹೀಗಿತ್ತು. ಸಂಘ ಬೇಡಿಕೆ ಪಟ್ಟಿ ಸಲ್ಲಿಸುತ್ತದೆ. ಮಾತುಕತೆ ಮುರಿದರೆ ಕಾರ್ಮಿಕ ಇಲಾಖೆಯ ಸಹಾಯಕ ಆಯುಕ್ತರು ಸಂಧಾನಾಧಿಕಾರಿಯಾಗಿ ಇಬ್ಬರನ್ನೂ ಕರೆಸುತ್ತಾರೆ. ಕಾಯಿದೆ ಅವರಿಗೆ ಕೊಟ್ಟಿದ್ದದ್ದು 14 ದಿನ, ಆದರೆ ಪಕ್ಷಗಳ ಒಪ್ಪಿಗೆಯಿಂದ ಅದು ತಿಂಗಳುಗಟ್ಟಲೆ ಬೆಳೆಯುವುದು ಮಾಮೂಲು. ರಾಜಿಯಾದರೆ ಒಪ್ಪಂದ ಪತ್ರ, ಇಲ್ಲವಾದರೆ ವಿಫಲತಾ ವರದಿ. ವರದಿ ನೋಡಿದ ಸರ್ಕಾರ ವಿವಾದವನ್ನು ತೀರ್ಪಿಗೆ ಒಪ್ಪಿಸಬಹುದಿತ್ತು. ವೇತನದ ವಿಷಯ ಕಾಯಿದೆಯ 3ನೆಯ ಅನುಸೂಚಿಯಲ್ಲಿದ್ದುದರಿಂದ ಅದು ಕೈಗಾರಿಕಾ ನ್ಯಾಯಮಂಡಳಿಗೆ ಸೇರಿತ್ತು. ಬಾಧಿತರು 100 ಮಂದಿಗಿಂತ ಹೆಚ್ಚಿಲ್ಲದಿದ್ದರೆ ಕಾರ್ಮಿಕ ನ್ಯಾಯಾಲಯಕ್ಕೂ ಕಳಿಸಬಹುದಿತ್ತು. ಬ್ಯಾಂಕು, ವಿಮೆ, ರೈಲ್ವೆಗಳ ನೌಕರರ ವಿಷಯದಲ್ಲಿ ಅಧಿಕಾರ ಕೇಂದ್ರ ಸರ್ಕಾರದ್ದು.

ಎರಡು ಬಗೆಯ ಒಪ್ಪಂದ

ಕಾರ್ಖಾನೆಗಳಲ್ಲಿ ‘ಟ್ವೆಲ್ವ್ ತ್ರೀ ಆಯ್ತು’ ಎಂದರೆ ಹೆಚ್ಚಿನ ವಿವರಣೆ ಬೇಕಿಲ್ಲ. ಸಂಧಾನಾಧಿಕಾರಿಯ ಮುಂದೆ, ಅವರ ನೆರವು ಮತ್ತು ಸಮ್ಮತಿಯಿಂದ, 12(3)ನೆಯ ಕಲಮಿನಡಿ ಆದ ತ್ರಿಪಕ್ಷೀಯ ಒಪ್ಪಂದ ಅದು. 18(3)ನೆಯ ಕಲಮಿನ ಪ್ರಕಾರ ಅದು ಸಹಿ ಹಾಕಿದ ಸಂಘದ ಸದಸ್ಯರಿಗಷ್ಟೇ ಅಲ್ಲದೆ ಆ ಕಾರ್ಖಾನೆಯ ಎಲ್ಲ ಕಾರ್ಮಿಕರಿಗೂ, ನಾಳೆ ಕೆಲಸಕ್ಕೆ ಸೇರುವವರಿಗೂ ಅನ್ವಯಿಸುತ್ತದೆ. ಸಂಧಾನದ ಹೊರಗೆ ಸಂಘವೂ ಆಡಳಿತವರ್ಗವೂ ತಾವಾಗಿಯೇ ಮಾಡಿಕೊಂಡ ದ್ವಿಪಕ್ಷೀಯ ಒಪ್ಪಂದ 18(1)ನೆಯ ಕಲಮಿನದು. ಅದು ಸಹಿ ಹಾಕಿದ ಪಕ್ಷಗಳನ್ನು ಮಾತ್ರ ಬಂಧಿಸುತ್ತದೆ. ಟಾಟಾ ಕೆಮಿಕಲ್ಸ್ ಪ್ರಕರಣದಲ್ಲಿ (1978) ಸುಪ್ರೀಂ ಕೋರ್ಟು, ಬಹುಸಂಖ್ಯಾತ ಸಂಘ ಇಂಥ ಒಪ್ಪಂದ ಮಾಡಿಕೊಂಡಿತೆಂಬ ಕಾರಣಕ್ಕೆ ಅಲ್ಪಸಂಖ್ಯಾತ ಸಂಘ ತನ್ನ ವಿವಾದ ಎತ್ತುವ ಹಕ್ಕನ್ನು ಕಳೆದುಕೊಳ್ಳುವುದಿಲ್ಲ ಎಂದು ಹೇಳಿತು.

ಹಾಗಾಗಿ ಅಧಿಕಾರಿಯ ಸಹಿಗೆ ಇಷ್ಟು ತೂಕ. ಕೋಣೆಯ ಒಂದು ಮೂಲೆಯಲ್ಲಿ ಕೂತು ಮೊಹರು ಒತ್ತಿದರೆ ಸಾಲದು. ಬಾಟಾ ಷೂ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸಂಧಾನ ನಡೆಯುತ್ತಿದ್ದ ಕಾಲದಲ್ಲಿ ಆದ ಒಪ್ಪಂದವೆಂದಷ್ಟಕ್ಕೇ ಅದು ತ್ರಿಪಕ್ಷೀಯವಾಗುವುದಿಲ್ಲ, ಅಧಿಕಾರಿಯ ನೆರವು ಮತ್ತು ಸಮ್ಮತಿ ನಿಜವಾಗಿಯೂ ಇರಬೇಕು ಎಂದು ಸ್ಪಷ್ಟಪಡಿಸಿತು. ಸಾವಿರಾರು ಮಂದಿಯ ಮುಂದಿನ ನಾಲ್ಕು ವರ್ಷದ ಊಟ, ಬಾಡಿಗೆ, ಮಕ್ಕಳ ಶುಲ್ಕ ಆ ಒಂದು ಸಮ್ಮತಿಯ ಮೇಲೆ ನಿಂತಿರುವಾಗ, ಅಧಿಕಾರಿ ಷರತ್ತುಗಳನ್ನು ಓದಿ ಪ್ರಶ್ನಿಸಬೇಕೆಂದು ಬಯಸುವುದು ಅತಿಯಾಸೆಯೇನಲ್ಲ.

ಒಪ್ಪಂದ ಪತ್ರವನ್ನೇ ಬಿಡಿಸಿ ನೋಡಿದರೆ ಮೊದಲಿಗೆ ಪಕ್ಷಗಳ ಹೆಸರು, ಆಡಳಿತವರ್ಗದ ಪರ ಯಾರು, ಕಾರ್ಮಿಕರ ಪರ ಯಾರು ಎಂಬ ಸಾಲುಗಳು. ಆಮೇಲೆ ಪ್ರಕರಣದ ಚುಟುಕು ವಿವರ. ಅದರ ಕೆಳಗೆ ಷರತ್ತುಗಳು. ಬೇಸಿಕ್ಕಿಗೆ ಎಷ್ಟು ಸೇರಿತು, ತುಟ್ಟಿಭತ್ಯೆ ಸ್ಥಿರವೋ ಸೂಚ್ಯಂಕಕ್ಕೆ ತಕ್ಕಂತೆ ಏರುವುದೋ, ಹಿಂಬಾಕಿ ಎಷ್ಟು ಕಂತಿನಲ್ಲಿ, ಉತ್ಪಾದನೆ ದಿನಕ್ಕೆ ಎಷ್ಟು ಹೆಚ್ಚಬೇಕು. ಜಗಳ ಹುಟ್ಟುವುದು ಹೆಚ್ಚಾಗಿ ಕೊನೆಯ ಪುಟದಲ್ಲಿ. ಉಳಿದೆಲ್ಲ ಬೇಡಿಕೆಗಳು ಇತ್ಯರ್ಥವಾದಂತೆ ಎಂದೂ, ಅವಧಿ ಮುಗಿಯುವವರೆಗೆ ಹಣದ ಹೊರೆ ತರುವ ಹೊಸ ಬೇಡಿಕೆ ಇಡುವುದಿಲ್ಲ ಎಂದೂ ಅಲ್ಲಿ ಎರಡು ಸಾಲು ಇರುತ್ತವೆ. ಏರಿಕೆಯ ಅಂಕಿಯನ್ನಷ್ಟೇ ಕೇಳಿ ಸಿಹಿ ಹಂಚಿದ ಕಾರ್ಮಿಕನಿಗೆ ಆ ಸಾಲುಗಳ ಅರ್ಥ ತಿಳಿಯುವುದು ವಕೀಲರ ಬಾಯಿಂದ. ಪತ್ರ ಇಂಗ್ಲಿಷಿನಲ್ಲಿದ್ದು ಸಹಿಗಳು ಕನ್ನಡದಲ್ಲಿರುವ ಕಡೆ ಈ ಅಂತರ ಇನ್ನೂ ದೊಡ್ಡದು.

ಅವಧಿ ನಮೂದಾಗದಿದ್ದರೆ ಒಪ್ಪಂದ ಆರು ತಿಂಗಳು ಜಾರಿಯಲ್ಲಿರುತ್ತದೆ. ನಮೂದಾದ ಅವಧಿ ಮುಗಿದ ಮೇಲೂ, ಯಾರಾದರೊಬ್ಬರು ಅಂತ್ಯಗೊಳಿಸುವ ನೋಟಿಸು ಕೊಟ್ಟು ಎರಡು ತಿಂಗಳು ಕಳೆಯುವವರೆಗೆ ಅದು ಬಂಧಿಸುತ್ತಲೇ ಇರುತ್ತದೆ.

ನ್ಯಾಯಸಮ್ಮತತೆಯ ಅಳತೆ

ಒಪ್ಪಂದ ನ್ಯಾಯಸಮ್ಮತವೇ ಎಂದು ನೋಡುವ ವಿಧಾನಕ್ಕೆ ಇಂದಿಗೂ ಬುನಾದಿಯಾಗಿರುವುದು ಮುಂಬಯಿಯ ಹರ್ಬರ್ಟ್‌ಸನ್ಸ್ ಪ್ರಕರಣ (1976). ಅಲ್ಲಿ ಹಳೆಯ ಸಂಘವೊಂದು ವಿವಾದ ನಡೆಸುತ್ತಿತ್ತು. ಈ ನಡುವೆ ಮಾನ್ಯತೆ ಪಡೆದ ಹೊಸ ಸಂಘ 1973ರಲ್ಲಿ ಕಂಪನಿಯೊಡನೆ ದ್ವಿಪಕ್ಷೀಯ ಒಪ್ಪಂದ ಮಾಡಿಕೊಂಡಿತು. ನ್ಯಾಯಮಂಡಳಿ ಒಪ್ಪಂದದ ಅಂಶಗಳನ್ನು ಬಿಡಿಬಿಡಿಯಾಗಿ ತೂಗಿ, ಇದು ಸರಿಯಲ್ಲ ಎಂದಿತು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಪಿ.ಕೆ. ಗೋಸ್ವಾಮಿ ಬರೆದ ತೀರ್ಪು ಆ ಕ್ರಮವನ್ನು ಒಪ್ಪಲಿಲ್ಲ. ಚೌಕಾಸಿಯಲ್ಲಿ ಒಂದು ಕಡೆ ಬಿಟ್ಟುಕೊಟ್ಟು ಇನ್ನೊಂದು ಕಡೆ ಪಡೆಯುವುದು ಸಹಜ, ಆದ್ದರಿಂದ ಒಪ್ಪಂದವನ್ನು ಇಡಿಯಾಗಿ ನೋಡಬೇಕು. ಅದು ಚಿನಿವಾರನ ತಕ್ಕಡಿಯಲ್ಲಿ ತೂಗುವ ವಸ್ತುವಲ್ಲ. ಬಹುಮತದವರು ಒಪ್ಪಿದ್ದನ್ನು ಅನ್ಯಾಯವೆನ್ನುವವರೇ ಅದನ್ನು ಸಾಬೀತು ಮಾಡಬೇಕು ಎಂಬುದು ಅದರ ಸಾರ.

1981ರ ಟೆಲ್ಕೋ ಪ್ರಕರಣ ಈ ಮಾತನ್ನು ಗಟ್ಟಿ ಮಾಡಿತು. ಒಟ್ಟು 635 ಮಂದಿಯಲ್ಲಿ ಒಪ್ಪದೆ ಉಳಿದವರು 71, ಅಂದರೆ ಶೇ. 11.18. ಕಣ್ಣು ತೆರೆದುಕೊಂಡೇ ಬಹುಸಂಖ್ಯಾತರು ಒಪ್ಪಿದ್ದನ್ನು ಇಷ್ಟು ಮಂದಿಯ ತಕರಾರಿಗಾಗಿ ಪಕ್ಕಕ್ಕಿಡಲಾಗದು, ನ್ಯಾಯಮಂಡಳಿ ತಾನೇ ಕೂಲಿ ನಿಗದಿ ಮಾಡುವಾಗ ಬಳಸುವ ಅಳತೆಗೋಲನ್ನು ಒಪ್ಪಂದಕ್ಕೆ ಹಿಡಿಯಬಾರದು ಎಂದು ಕೋರ್ಟು ಹೇಳಿತು. 2002ರ ಐಟಿಸಿ ತೀರ್ಪು ಇನ್ನೂ ಮುಂದೆ ಹೋಗಿ, ಸಂಧಾನಾಧಿಕಾರಿಯ ಮುಂದಾದ ಒಪ್ಪಂದವನ್ನು ನ್ಯಾಯಸಮ್ಮತವೆಂದೇ ಭಾವಿಸಬೇಕು, ವಂಚನೆ, ತಪ್ಪು ನಿರೂಪಣೆ, ಭ್ರಷ್ಟಾಚಾರದಂಥ ಕಾರಣಗಳಿದ್ದರೆ ಕದಲಿಸಬಹುದು ಎಂಬ ನಿಲುವು ತಾಳಿತು.

ಕೂಲಿ ನಿಗದಿಯ ಅಳತೆಗೋಲಿಗೂ ಒಪ್ಪಂದಕ್ಕೆ ಹಿಡಿಯುವ ಅಳತೆಗೋಲಿಗೂ ಇರುವ ವ್ಯತ್ಯಾಸ ಸಣ್ಣದಲ್ಲ. ರಾಜಿಯಾಗದೆ ವಿವಾದ ತೀರ್ಪಿಗೆ ಬಂದರೆ 1957ರ 15ನೆಯ ಭಾರತೀಯ ಕಾರ್ಮಿಕ ಸಮ್ಮೇಳನದ ಸೂತ್ರ ಮೇಜಿನ ಮೇಲೆ ಬರುತ್ತದೆ: ದುಡಿಯುವ ಒಬ್ಬನಿಗೆ ಮೂರು ಬಳಕೆ ಘಟಕ, ತಲಾ 2700 ಕ್ಯಾಲರಿ ಆಹಾರ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಇಂಧನ ಮತ್ತು ಇತರ ಖರ್ಚಿಗೆ ಶೇ. 20. ರೆಪ್ಟಕೋಸ್ ಬ್ರೆಟ್ ತೀರ್ಪು ಇದಕ್ಕೆ ಮಕ್ಕಳ ಓದು, ಔಷಧೋಪಚಾರ, ಹಬ್ಬ, ಮದುವೆ, ಮುಪ್ಪು ಇವುಗಳಿಗಾಗಿ ಶೇ. 25 ಸೇರಿಸಿತು. ಆದರೆ ಸಂಘದ ಪದಾಧಿಕಾರಿಗಳು ಒಪ್ಪಂದಕ್ಕೆ ಸಹಿ ಹಾಕಿದ ಗಳಿಗೆಯಿಂದ ಈ ಲೆಕ್ಕ ಬಹುಮಟ್ಟಿಗೆ ಹಿಂದೆ ಸರಿಯುತ್ತದೆ. ಸಾಮೂಹಿಕ ಚೌಕಾಸಿಯನ್ನು ಉಳಿಸಬೇಕೆಂಬ ನ್ಯಾಯಾಲಯದ ಕಾಳಜಿ ಸರಿಯಾದದ್ದೇ. ಪ್ರತಿ ಒಪ್ಪಂದವನ್ನೂ ಕೆದಕುತ್ತ ಹೋದರೆ ಯಾವ ಮಾಲೀಕನೂ ಮಾತುಕತೆಗೆ ಕೂರುವುದಿಲ್ಲ. ಆದರೆ ಸಾಬೀತಿನ ಹೊಣೆಯನ್ನು ಇಡಿಯಾಗಿ ತಕರಾರು ಮಾಡುವವರ ಹೆಗಲಿಗೆ ಹಾಕುವುದು ಕಠಿಣವಾಯಿತು. ಕಂಪನಿಯ ಲಾಭನಷ್ಟದ ಪುಸ್ತಕ, ಉತ್ಪಾದನೆಯ ಅಂಕಿ, ಗುತ್ತಿಗೆದಾರರಿಗೆ ಕೊಟ್ಟ ಹಣದ ಲೆಕ್ಕ ಎಲ್ಲವೂ ಎದುರು ಪಕ್ಷದ ಬೀರುವಿನಲ್ಲಿರುವಾಗ, 71 ಮಂದಿ ಯಾವುದನ್ನು ಹಿಡಿದು ಸಾಬೀತು ಮಾಡಬೇಕು?

ಸಹಿಯ ಅಧಿಕಾರ

ತಕರಾರುದಾರರು ಗೆಲ್ಲುವ ದಾರಿ ಹೆಚ್ಚಾಗಿ ಸಹಿಯ ಮೂಲಕವೇ ಹೋಗುತ್ತದೆ. ಬ್ರೂಕ್ ಬಾಂಡ್ ಪ್ರಕರಣದಲ್ಲಿ (1981) ಸಂಘದ ಪದಾಧಿಕಾರಿಗಳು ಒಪ್ಪಂದಕ್ಕೆ ಸಹಿ ಹಾಕಿದ್ದರು, ಆದರೆ ಕಾರ್ಯಕಾರಿ ಸಮಿತಿ ಅವರಿಗೆ ಆ ಅಧಿಕಾರ ಕೊಟ್ಟಿರಲಿಲ್ಲ. ಅಧ್ಯಕ್ಷ, ಕಾರ್ಯದರ್ಶಿ ಎಂಬ ಪದವಿಯೇ ಅಧಿಕಾರವಾಗುವುದಿಲ್ಲವೆಂದು ಸುಪ್ರೀಂ ಕೋರ್ಟು ಆ ಒಪ್ಪಂದವನ್ನು ಮಾನ್ಯ ಮಾಡಲಿಲ್ಲ. ದೆಹಲಿ ಕ್ಲಾತ್ ಮಿಲ್ಸ್ ಪ್ರಕರಣದಲ್ಲಿ ನಿಯಮದಂತೆ ಒಪ್ಪಂದದ ಪ್ರತಿಗಳನ್ನು ಅಧಿಕಾರಿಗಳಿಗೆ ಕಳಿಸದಿದ್ದದ್ದೇ ಮುಳುವಾಯಿತು. ಸಂಘದ ಸಭೆಯ ನಡಾವಳಿ ಪುಸ್ತಕ, ಸಭೆಯ ನೋಟಿಸು, ಹಾಜರಿ ಸಹಿಗಳು ಕೋರ್ಟಿನಲ್ಲಿ ಇಷ್ಟು ಬೆಲೆ ಪಡೆಯುವುದು ಇದಕ್ಕಾಗಿಯೇ. ಗೇಟ್ ಮೀಟಿಂಗಿನಲ್ಲಿ ಕೈ ಎತ್ತಿಸಿ ಮುಗಿಸಿದ ಒಪ್ಪಿಗೆಯನ್ನು ವರ್ಷಗಳ ಬಳಿಕ ಸಾಬೀತುಪಡಿಸುವುದು ಯಾವ ಪಕ್ಷಕ್ಕೂ ಸುಲಭವಲ್ಲ.

ವಿಚಾರಣೆ ಮುಗಿದು ನ್ಯಾಯಮಂಡಳಿಯ ಐತೀರ್ಪು (ಅವಾರ್ಡ್) ಸರ್ಕಾರದ ಕೈ ಸೇರಿದ ಮೇಲೆ ರಾಜಿಯಾದರೆ? ಸಿರ್‌ಸಿಲ್ಕ್ ಪ್ರಕರಣ (1964) ಈ ತೊಡಕನ್ನು ಬಿಡಿಸಿತು. ಐತೀರ್ಪನ್ನು ಪ್ರಕಟಿಸುವುದು ಸರ್ಕಾರದ ಕಡ್ಡಾಯ ಕರ್ತವ್ಯ, ಒಪ್ಪಂದವೂ ಕಾನೂನಿನಂತೆ ಬಂಧಕ. ಎರಡೂ ಏಕಕಾಲದಲ್ಲಿ ನಿಲ್ಲಲಾರವು. ಕೈಗಾರಿಕಾ ಶಾಂತಿಯೇ ಕಾಯಿದೆಯ ಗುರಿಯಾದ್ದರಿಂದ ಸರ್ಕಾರ ಐತೀರ್ಪನ್ನು ಪ್ರಕಟಿಸದೆ ತಡೆಹಿಡಿಯಬೇಕೆಂದು ಕೋರ್ಟು ಹೇಳಿತು.

ದಾಟಬಾರದ ಗೆರೆ

ಬಹುಮತ ಎಷ್ಟೇ ದೊಡ್ಡದಿರಲಿ, ಕನಿಷ್ಠ ಕೂಲಿಗಿಂತ ಕಡಿಮೆಗೆ ಒಪ್ಪಿಕೊಳ್ಳುವ ಅಧಿಕಾರ ಯಾರಿಗೂ ಇಲ್ಲ. 1948ರ ಕನಿಷ್ಠ ವೇತನ ಕಾಯಿದೆಯ 25ನೆಯ ಕಲಂ ಅಂಥ ಒಪ್ಪಂದವನ್ನು ಆ ಮಟ್ಟಿಗೆ ಅನೂರ್ಜಿತಗೊಳಿಸಿತ್ತು. 1982ರ ಏಷ್ಯಾಡ್ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಹಸಿವು ಬಡತನಗಳ ಒತ್ತಾಯಕ್ಕೆ ಸಿಕ್ಕಿ ಕನಿಷ್ಠಕ್ಕಿಂತ ಕಡಿಮೆ ಕೂಲಿಗೆ ದುಡಿಯುವುದು ಸಂವಿಧಾನದ 23ನೆಯ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದಿತು. ಕರ್ನಾಟಕದಲ್ಲಿ ಪ್ರತಿ ಏಪ್ರಿಲ್ 1ರಿಂದ ಸೂಚ್ಯಂಕದಂತೆ ತುಟ್ಟಿಭತ್ಯೆ ಪರಿಷ್ಕರಣೆಯಾಗುವುದರಿಂದ, ನಾಲ್ಕು ವರ್ಷದ ಸ್ಥಿರ ಮೊತ್ತಕ್ಕೆ ಒಪ್ಪಿದ ಕಡೆ ಈ ಗೆರೆ ಅವಧಿಯ ಮಧ್ಯದಲ್ಲೇ ಒಪ್ಪಂದದ ಕೂಲಿಯನ್ನು ಮೀರಿ ಮೇಲೇರುವುದು ಸಾಧ್ಯ. ಆಗ ಒಪ್ಪಂದ ಎಷ್ಟೇ ಕ್ರಮಬದ್ಧವಾಗಿದ್ದರೂ ವ್ಯತ್ಯಾಸದ ಹಣ ಕೊಡಲೇಬೇಕು.

ಒಂಟಿ ಕಾರ್ಮಿಕನ ರಾಜಿ

ಸಂಘದ ಒಪ್ಪಂದದಷ್ಟು ಸದ್ದು ಮಾಡದೆ ದಿನವೂ ನಡೆಯುವುದು ಒಬ್ಬೊಬ್ಬರ ರಾಜಿ. ಕೆಲಸ ಕಳೆದುಕೊಂಡ ಕಾರ್ಮಿಕ ನೇರವಾಗಿ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಲು ಕರ್ನಾಟಕ 1988ರಲ್ಲೇ 1947ರ ಕಾಯಿದೆಗೆ ತಂದ 10(4-ಎ) ಎಂಬ ತಿದ್ದುಪಡಿಯಿಂದ ದಾರಿ ಮಾಡಿಕೊಟ್ಟಿತು. ಹೀಗೆ ಬಂದ ಪ್ರಕರಣಗಳಲ್ಲಿ ಹಿಂಬಾಕಿ ವೇತನದ ಬದಲು ಒಂದು ಗಂಟು ಮೊತ್ತಕ್ಕೆ ಒಪ್ಪಿ ಜಂಟಿ ಮೆಮೊ ಸಲ್ಲಿಸುವುದು ವಾಡಿಕೆ. ಈ ಹಂತದಲ್ಲಿ ಪೀಠದಿಂದ ಬರುವ ಎರಡು ಸರಳ ಪ್ರಶ್ನೆಗಳು, ಅಂದರೆ ಓದಿ ಹೇಳಿದರೇ, ಹಣ ಕೈಗೆ ಬಂತೇ ಎಂಬವು, ಉದ್ದುದ್ದ ಆದೇಶಗಳಿಗಿಂತ ಹೆಚ್ಚು ರಕ್ಷಣೆ ಕೊಡುತ್ತವೆ. ಚೆಕ್ಕಿನ ಸಂಖ್ಯೆ, ದಿನಾಂಕ, ಭವಿಷ್ಯನಿಧಿ ಮತ್ತು ಗ್ರಾಚ್ಯುಟಿ ಈ ಮೊತ್ತದಲ್ಲಿ ಸೇರಿವೆಯೋ ಹೊರಗಿವೆಯೋ ಎಂಬುದನ್ನು ಮೆಮೊದಲ್ಲೇ ಬರೆಸಿದರೆ ಮುಂದಿನ ತಕರಾರು ಅರ್ಧ ತಪ್ಪುತ್ತದೆ.

ಲೋಕ ಅದಾಲತ್ತಿನ ರಾಜಿ ಇನ್ನೂ ಬಿಗಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಅದರ ಐತೀರ್ಪು ಡಿಕ್ರಿಗೆ ಸಮ, ಅದರ ಮೇಲೆ ಮೇಲ್ಮನವಿ ಇಲ್ಲ. ಜಲೌರ್ ಸಿಂಗ್ ಪ್ರಕರಣದ (2008) ಪ್ರಕಾರ ಉಳಿಯುವ ದಾರಿ ಹೈಕೋರ್ಟಿನಲ್ಲಿ ರಿಟ್ ಮಾತ್ರ, ಅದೂ ತೀರಾ ಸೀಮಿತ ಕಾರಣಗಳಿಗೆ. ಸ್ವಯಂನಿವೃತ್ತಿ ಯೋಜನೆಯ ಹಣ ಪಡೆದು ಹೊರಬಂದವರು ಬಳಿಕ ವೇತನ ಪರಿಷ್ಕರಣೆ ಕೇಳುವಂತಿಲ್ಲ ಎಂದು ಎ.ಕೆ. ಬಿಂದಾಲ್ ತೀರ್ಪು (2003) ಹೇಳಿದೆ.

ಅಮೆರಿಕದ ಪದ್ಧತಿ ಇಲ್ಲಿ ಹೋಲಿಕೆಗೆ ಯೋಗ್ಯ. ಅಲ್ಲಿನ 1938ರ ನ್ಯಾಯಯುತ ದುಡಿಮೆ ಮಾನದಂಡಗಳ ಕಾಯಿದೆಯಡಿ ಕನಿಷ್ಠ ಕೂಲಿ ಮತ್ತು ಓವರ್‌ಟೈಮ್ ಹಣದ ರಾಜಿಗೆ ಕಾರ್ಮಿಕ ಇಲಾಖೆಯ ಉಸ್ತುವಾರಿ ಅಥವಾ ನ್ಯಾಯಾಲಯದ ಒಪ್ಪಿಗೆ ಬೇಕೆಂದು ಹಲವು ಮೇಲ್ಮನವಿ ನ್ಯಾಯಾಲಯಗಳು ಹೇಳಿವೆ. 1982ರ ಲಿನ್ಸ್ ಫುಡ್ ಸ್ಟೋರ್ಸ್ ಪ್ರಕರಣದಲ್ಲಿ ಇಲಾಖೆ ಸುಮಾರು 10,000 ಡಾಲರ್ ಬಾಕಿ ಲೆಕ್ಕ ಹಾಕಿತ್ತು. ಮಾಲೀಕ 14 ನೌಕರರಿಗೆ ಒಟ್ಟು 1,000 ಡಾಲರ್ ಹಂಚಿ ಹಕ್ಕು ಬಿಟ್ಟೆವೆಂದು ಬರೆಸಿಕೊಂಡಿದ್ದ. ಅವರಲ್ಲಿ ಕೆಲವರಿಗೆ ಇಂಗ್ಲಿಷ್ ಬಾರದು, ಬಾಕಿ ಎಷ್ಟೆಂಬುದೂ ಗೊತ್ತಿರಲಿಲ್ಲ. ನ್ಯಾಯಾಲಯ ಆ ರಾಜಿಯನ್ನು ಒಪ್ಪಲಿಲ್ಲ. ಭಾರತದ ವ್ಯವಸ್ಥೆ ನಂಬಿಕೆಯಿಟ್ಟಿರುವುದು ಸಂಘದ ಮೇಲೆ ಮತ್ತು ಸಂಧಾನಾಧಿಕಾರಿಯ ಮೇಲೆ. ಸಂಘವಿಲ್ಲದ ಕಾರ್ಮಿಕನಿಗೆ ಆ ನಂಬಿಕೆಯ ಫಲ ಸಿಗುವುದಿಲ್ಲ.

ಜಾರಿ, ಮತ್ತು ಮುಚ್ಚಿದ ಕಾರ್ಖಾನೆ

ಒಪ್ಪಂದದಂತೆ ಹಣ ಬಾರದಿದ್ದರೆ 1947ರ ಕಾಯಿದೆಯ 33-ಸಿ ಕಲಮಿನ ಮೊರೆಹೋಗಬೇಕಿತ್ತು. ಮೊತ್ತ ಖಚಿತವಿದ್ದರೆ ಸರ್ಕಾರ ಪ್ರಮಾಣಪತ್ರ ನೀಡಿ, ಜಿಲ್ಲಾಧಿಕಾರಿ ಅದನ್ನು ಭೂಕಂದಾಯದ ಬಾಕಿಯಂತೆ ವಸೂಲಿ ಮಾಡುತ್ತಿದ್ದರು. ಲೆಕ್ಕ ಹಾಕಬೇಕಿದ್ದರೆ ಕಾರ್ಮಿಕ ನ್ಯಾಯಾಲಯ ಹಾಕಿಕೊಡುತ್ತಿತ್ತು. ಒಪ್ಪಂದ ಮುರಿಯುವುದು 29ನೆಯ ಕಲಮಿನಡಿ ಅಪರಾಧವೂ ಆಗಿತ್ತು.

ಕಾರ್ಖಾನೆಯೇ ಬಾಗಿಲು ಹಾಕಿದರೆ ಮಾತು ಬೇರೆ. ಐಡಿಯಲ್ ಜಾವಾ 1996ರಲ್ಲಿ ಮುಚ್ಚಿತು. ಕೆ.ಆರ್.ಎಸ್. ರಸ್ತೆಯ ಫಾಲ್ಕನ್ ಟೈರ್ಸ್ 2010ರ ದಶಕದಲ್ಲಿ ಉತ್ಪಾದನೆ ನಿಲ್ಲಿಸಿತು. ಇಂಥ ಕಡೆ ವೇತನ ಒಪ್ಪಂದ ಒಂದು ಹಕ್ಕುಪತ್ರವಾಗಿ ಉಳಿದು, ಕಾರ್ಮಿಕರು ಸಾಲ ಕೊಟ್ಟವರ ಸಾಲಿನಲ್ಲಿ ನಿಲ್ಲುತ್ತಾರೆ. ಕಂಪನಿ ಸಮಾಪನೆಯ ವಿಚಾರಣೆಯಲ್ಲಿ ಕಾರ್ಮಿಕರ ಮಾತನ್ನೂ ಕೇಳಬೇಕೆಂದು ಸುಪ್ರೀಂ ಕೋರ್ಟು 1983ರಲ್ಲಿ ಹೇಳಿತು. 1985ರ ತಿದ್ದುಪಡಿ ಅವರ ಬಾಕಿಯನ್ನು ಅಡಮಾನವಿಟ್ಟುಕೊಂಡ ಬ್ಯಾಂಕುಗಳ ಸಾಲಕ್ಕೆ ಸಮನಾಗಿ ನಿಲ್ಲಿಸಿತು. 2016ರ ದಿವಾಳಿ ಸಂಹಿತೆ ಆ ಸಮಾನ ಸ್ಥಾನವನ್ನು ಸಮಾಪನೆಗೆ ಮುಂಚಿನ 24 ತಿಂಗಳ ಬಾಕಿಗೆ ಸೀಮಿತಗೊಳಿಸಿದೆ. ವರ್ಷಗಟ್ಟಲೆ ಸಂಬಳ ತಡೆಹಿಡಿದ ಕಂಪನಿಯ ಕಾರ್ಮಿಕನಿಗೆ ಈ ಮಿತಿ ನಿಜಕ್ಕೂ ಕ್ರೂರ.

ಒಪ್ಪಂದವೇ ಇಲ್ಲದವರು

ನ್ಯಾಯಾಲಯ ಪರಿಶೀಲಿಸಲು ಒಪ್ಪಂದವೆಂಬುದು ಇರಬೇಕು. ಮೈಸೂರಿನಲ್ಲಿ ಮನೆಯಲ್ಲೇ ಕೂತು ಅಗರಬತ್ತಿ ಹೊಸೆಯುವ, ಬೀಡಿ ಕಟ್ಟುವ ಹೆಂಗಸರಿಗೆ ಸಾವಿರಕ್ಕಿಷ್ಟು ಎಂಬ ದರವೇ ಕೂಲಿ. ಮೈಸೂರಿನಲ್ಲಿ ಕಚೇರಿಯುಳ್ಳ ಮಂಗಳೂರು ಗಣೇಶ ಬೀಡಿ ವರ್ಕ್ಸ್ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1974ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ 1966ರ ಕಾಯಿದೆಯನ್ನು ಬಹುಮಟ್ಟಿಗೆ ಎತ್ತಿಹಿಡಿದು, ಮನೆಯಲ್ಲಿ ದುಡಿಯುವವರೂ ಕಾನೂನಿನ ಆಸರೆಗೆ ಬರಲು ನೆರವಾಯಿತು. ಆದರೆ ಅವರ ಕೂಲಿ ಮುಖ್ಯವಾಗಿ ಸರ್ಕಾರದ ಅಧಿಸೂಚನೆಯಿಂದ ಬರುತ್ತದೆ, ಮೇಜಿನ ಎದುರು ಕೂತು ಪಡೆದದ್ದಲ್ಲ.

ಸಾರಿಗೆ ನಿಗಮದ ನೌಕರರದು ಇನ್ನೊಂದು ಬಗೆ. ನಾಲ್ಕು ವರ್ಷಕ್ಕೊಮ್ಮೆ ವೇತನ ಪರಿಷ್ಕರಣೆ ಎಂಬ ರೂಢಿಯಿದ್ದರೂ 2020ರ ಜನವರಿ 1ರಿಂದ ಅನ್ವಯಿಸಿದ ಶೇ. 15ರ ಏರಿಕೆ 2023ರಲ್ಲಿ ಸರ್ಕಾರದ ಆದೇಶವಾಗಿ ಬಂತು. ನಡುವಿನ 38 ತಿಂಗಳ ಹಿಂಬಾಕಿ ವಿವಾದವಾಗಿಯೇ ಉಳಿದು, 2025ರ ಆಗಸ್ಟ್ 5ರಂದು ಮೈಸೂರೂ ಸೇರಿದಂತೆ ರಾಜ್ಯದಲ್ಲಿ ಮುಷ್ಕರ ಆರಂಭವಾಗಿ, ಹೈಕೋರ್ಟಿನ ಆದೇಶದ ಬಳಿಕ ನಿಂತಿತು. ಅಲ್ಲಿ ಕೋರ್ಟಿನ ಮುಂದಿದ್ದದ್ದು ಮುಷ್ಕರ, ಏರಿಕೆಯ ನ್ಯಾಯಾನ್ಯಾಯವಲ್ಲ.

ಹೊಸ ಸಂಹಿತೆಗಳು

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ವೇತನ ಸಂಹಿತೆ ಕನಿಷ್ಠ ಕೂಲಿಯನ್ನು ಆಯ್ದ ಉದ್ಯೋಗಗಳಿಂದ ಎಲ್ಲ ಉದ್ಯೋಗಗಳಿಗೂ ವಿಸ್ತರಿಸಿ, ಅದಕ್ಕಿಂತ ಕೆಳಗಿನ ಒಪ್ಪಂದ ಸಲ್ಲದೆಂಬ ನಿಯಮವನ್ನು ಉಳಿಸಿಕೊಂಡಿದೆ. ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಕಾರ್ಮಿಕ ನ್ಯಾಯಾಲಯದ ಜಾಗಕ್ಕೆ ಒಬ್ಬ ನ್ಯಾಯಾಂಗ ಸದಸ್ಯ ಮತ್ತು ಒಬ್ಬ ಆಡಳಿತ ಸದಸ್ಯರ ನ್ಯಾಯಮಂಡಳಿ ಬರುತ್ತದೆ; ಸಂಧಾನ ವಿಫಲವಾದರೆ ಸರ್ಕಾರದ ಒಪ್ಪಿಸುವಿಕೆಗೆ ಕಾಯದೆ ನೇರವಾಗಿ ಅಲ್ಲಿಗೆ ಹೋಗಬಹುದು.

ಒಪ್ಪಂದದ ದೃಷ್ಟಿಯಿಂದ ದೊಡ್ಡ ಬದಲಾವಣೆ ಮಾತುಕತೆಯ ಹಕ್ಕಿನಲ್ಲಿದೆ. ಹಲವು ಸಂಘಗಳಿರುವ ಕಡೆ ಹಾಜರಿ ಪುಸ್ತಕದಲ್ಲಿರುವ ಕಾರ್ಮಿಕರಲ್ಲಿ ಶೇ. 51 ಮಂದಿಯ ಬೆಂಬಲವುಳ್ಳ ಸಂಘವೇ ಏಕೈಕ ಮಾತುಕತೆ ಸಂಘ. ಯಾರಿಗೂ ಅಷ್ಟಿಲ್ಲದಿದ್ದರೆ ಕನಿಷ್ಠ ಶೇ. 20ರ ಬೆಂಬಲವುಳ್ಳ ಸಂಘಗಳ ಪರಿಷತ್ತು. ಬ್ರೂಕ್ ಬಾಂಡ್ ಎತ್ತಿದ ಸಹಿಯ ಪ್ರಶ್ನೆ ಇನ್ನು ಮುಂದೆ ಸದಸ್ಯತ್ವದ ಎಣಿಕೆಯ ಪ್ರಶ್ನೆಯಾಗಿಯೂ ಬರಲಿದೆ: ಎಣಿಸಿದ್ದು ಯಾರು, ಯಾವ ದಿನದ ಹಾಜರಿ ಪುಸ್ತಕ, ಗುತ್ತಿಗೆ ಕಾರ್ಮಿಕರು ಲೆಕ್ಕಕ್ಕೆ ಬಂದರೋ ಇಲ್ಲವೋ. ಹೂಟಗಳ್ಳಿ, ಕೂರ್ಗಳ್ಳಿಗಳ ಕಾರ್ಖಾನೆಗಳಲ್ಲಿ ಕಾಯಂ ನೌಕರನ ಪಕ್ಕದಲ್ಲೇ ಅದೇ ಯಂತ್ರದಲ್ಲಿ ದುಡಿಯುವ ಗುತ್ತಿಗೆ ಹುಡುಗನ ಹೆಸರು ಗುತ್ತಿಗೆದಾರನ ಪುಸ್ತಕದಲ್ಲಿರುತ್ತದೆ, ಕಾರ್ಖಾನೆಯ ಪುಸ್ತಕದಲ್ಲಲ್ಲ. ಕಾಯಂ ನೌಕರರ ಒಪ್ಪಂದದಲ್ಲಿ ಅವನ ಕೂಲಿಯ ಬಗ್ಗೆ ಸಾಮಾನ್ಯವಾಗಿ ಒಂದು ಸಾಲೂ ಇರುವುದಿಲ್ಲ.